ಹಳೇ 1613 ಐಡಲ್‌ನಾಗ ಮಿಸ್ ಹೊಡೀತೈತಿ, ಬಿಳಿ ಹೊಗಿ ಬರತೈತಿ: ಇಂಜಿನ್ ಇಳಸೂದಾ, ಪಂಪ್ ಇಳಸೂದಾ?

ಕಾರಟಗಿ ಲಾರಿ

ಎಲ್ಲಾರಿಗೂ ನಮಸ್ಕಾರ್ರಿ. ಗಾಡಿ ಟಾಟಾ 1613, 697 ಟರ್ಬೋ ಇಂಜಿನ್, ಆರು ಸಿಲಿಂಡರ್, ಇನ್‌ಲೈನ್ ಪಂಪು (ಆರೂ ಸಿಲಿಂಡರಿಗೆ ಡೀಸೆಲ್ ದೂಡೂದು). ಅಪ್ಪಾಜಿ ತಗೊಂಡಿದ್ದು, ಈಗ ನಾನ ನೋಡ್ಕೊಂತೀನಿ, ಕಾರಟಗಿ ಗಂಗಾವತಿ ಮಿಲ್ಲಿಂದ ಅಕ್ಕಿ ಹೇರಿ ಬಳ್ಳಾರಿ ಹುಬ್ಬಳ್ಳಿ ಕಡೆ ಓಡತೈತಿ. ಸಮಸ್ಯೆ ಏನಂದ್ರ ಮುಂಜಾನೆ ಸ್ಟಾರ್ಟ್ ಆದ ಮ್ಯಾಲ ಐಡಲ್‌ನಾಗ ಒಂದ ಸಮ ನಿಲ್ಲಂಗಿಲ್ಲ, ಒಂದ ಸಿಲಿಂಡರ್ ಹೊತ್ತದಂಗ ಮಿಸ್ ಹೊಡದು ಹೊಡದು ಕ್ಯಾಬಿನ್ ಎಲ್ಲಾ ನಡಗತೈತಿ, ಕಣ್ಣುರಿ ಬರೂವಂಥ ಬಿಳಿ ಹೊಗಿ. ಬಿಸಿ ಆದ್ರ ಹೊಗಿ ಕಮ್ಮಿ ಆಗತೈತಿ, ಮಿಸ್ ಮಾತ್ರ ಪೂರ್ತಿ ಹೋಗಂಗಿಲ್ಲ. ರೇಸ್ ಕೊಟ್ಟು 1500 ಆರ್‌ಪಿಎಂ ದಾಟಿದ್ರ ಏನೂ ಗೊತ್ತ ಆಗಂಗಿಲ್ಲ, ಚಲೋನ ಓಡತೈತಿ. ಲೋಡ್ ಇದ್ದಾಗ ಏರಿನಾಗ ಮೊದಲಿನಂಗ ಎಳಿಯಂಗಿಲ್ಲ.

ಒಬ್ಬ ಮೇಸ್ತ್ರಿ ಲೈನರ್ ಪಿಸ್ಟನ್ ಹೋಗ್ಯಾವ, ಇಂಜಿನ್ ಇಳಸ್ರಿ ಅಂತಾರ. ಇನ್ನೊಬ್ರು ಪಂಪಿಗೆ ಆರೂ ಎಲಿಮೆಂಟ್ (ಒಳಗ ಡೀಸೆಲ್ ದೂಡೂ ಪ್ಲಂಜರ್, ಬ್ಯಾರಲ್ ಜೋಡಿ) ಹಾಕಸ್ರಿ ಅಂತಾರ. ಎರಡೂ ಸಣ್ಣ ಖರ್ಚಲ್ಲ, ಮುಂದ ಭತ್ತದ ಸೀಸನ್ ಐತಿ, ಗಾಡಿ ನಿಲ್ಲಸಾಕ ಆಗಂಗಿಲ್ಲ. ಏನರ ಇಳಸೂಕಿಂತ ಮೊದಲ ನಾನು ಏನೇನ್ ನೋಡಬಹುದು ಹೇಳ್ರಿ.

ಕೆಂಪುಧೂಳು ಸಂಡೂರು

ಏರ್ ಫಿಲ್ಟರ್ ಮೊದ್ಲು ಬಿಚ್ಚಿ ನೋಡ್ರಿ ಅಣ್ಣ. ನಮ್ ಕಡೆ ಅದಿರು ಧೂಳು ಹೆಂಗಿರ್ತೈತೆ ಅಂದ್ರೆ ಫಿಲ್ಟರ್ ಹೊಸದು ಹಾಕಿದ್ ಸ್ವಲ್ಪ ದಿನಕ್ಕೇ ಕೆಂಪಗೆ ಆಗಿ ಕಟ್ಟಿಕೊಂತೈತೆ. ನಾನು ದೋಣಿಮಲೈ, ತೋರಣಗಲ್ಲು ಲೈನಲ್ಲಿ ಟಿಪ್ಪರ್ ಓಡ್ಸಿದೋನು, ಪಿಕಪ್ ಹೋತು ಅಂದ್ರೆ ಮೊದ್ಲು ಕೈ ಹೋಗೋದೇ ಅಲ್ಲಿಗೆ.

ಕಾರಟಗಿ ಲಾರಿ

ಫಿಲ್ಟರ್ ಹೊಸದು ಐತ್ರಿ, ಹಾಕಿ ಭಾಳ ದಿನ ಆಗಿಲ್ಲ. ಡೀಸೆಲ್ ಫಿಲ್ಟರ್ ಎರಡೂ ಬದಲ ಮಾಡೀನಿ. ಏನೂ ಫರಕ ಇಲ್ಲ.

ಪಂಪ್ ಮೇಸ್ತ್ರಿ ಬಳ್ಳಾರಿ

ನೋಡು ತಮ್ಮಾ, ಏರ್ ಫಿಲ್ಟರ್ ಕಟ್ಟಿದ್ರೆ ಕರಿ ಹೊಗೆ ಬರ್ತೈತೆ, ಲೋಡಲ್ಲಿ ಜಾಸ್ತಿ ಬರ್ತೈತೆ. ಗಾಳಿ ಸಾಲ್ದೆ ಡೀಸೆಲ್ ಅರ್ಧಂಬರ್ಧ ಸುಟ್ರೆ ಕರಿ. ಇಂಜಿನ್ ಆಯಿಲ್ ಸುಡ್ತಿದ್ರೆ ನೀಲಿ, ಅದು ರಿಂಗು, ವಾಲ್ವ್ ಗೈಡು, ಇಲ್ಲ ಟರ್ಬೋ ಸೀಲು. ನೀನು ಹೇಳ್ತಿರೋದು ಬಿಳಿ, ಅದೂ ಕಣ್ಣುರಿ ಬರೋ ಬಿಳಿ, ಅಂದ್ರೆ ಡೀಸೆಲ್ ಒಳಗೆ ಹೋಗ್ತೈತೆ, ಸುಡದೇ ಹಂಗೇ ಹೊರಗೆ ಬರ್ತೈತೆ. ರೇಡಿಯೇಟರ್ ನೀರು ಕಮ್ಮಿ ಆಗ್ತಿದ್ರೆ ಆ ಬಿಳಿ ಬೇರೆ, ಅದು ಹೆಡ್ ಗ್ಯಾಸ್ಕೆಟ್ ಕಥೆ, ಅದಕ್ಕೆ ಕಣ್ಣುರಿ ಇರಲ್ಲ, ಆವಿ ಥರ ಇರ್ತೈತೆ. ನೀರು ಕಮ್ಮಿ ಆಗ್ತೈತಾ ಇಲ್ವಾ ಅದನ್ನ ಮೊದ್ಲು ಹೇಳು. ಹಂಗೇ ಡಿಪ್‌ಸ್ಟಿಕ್ ತೆಗೆದು ನೋಡು, ಆಯಿಲ್ ಲೆವೆಲ್ ಏರಿದ್ದು ಡೀಸೆಲ್ ವಾಸನೆ ಬಂದ್ರೆ ಗಾಡಿ ಓಡಿಸಬ್ಯಾಡ, ಬೇರಿಂಗ್ ಹೋಗ್ತಾವೆ.

ಇಂಜಿನ್ ಇಳ್ಸು ಅಂದೋರು ಯಾವ ಸಿಲಿಂಡರ್ ಕೆಲಸ ಮಾಡ್ತಿಲ್ಲ ಅಂತ ಹೇಳಿದ್ರಾ? ಪಂಪ್ ಇಳ್ಸು ಅಂದೋರು ಹೇಳಿದ್ರಾ? ಅದು ಗೊತ್ತಾಗ್ದೇ ಸ್ಪ್ಯಾನರ್ ಹಿಡಿಬಾರ್ದು. ಆರರಲ್ಲಿ ಯಾವ್ದು ಅಂತ ಮೊದ್ಲು ಗೊತ್ತಾಗ್ಲಿ, ಆಮೇಲೆ ಅದಕ್ಕೆ ಡೀಸೆಲ್ ಸರಿಯಾಗಿ ಸಿಗ್ತಿಲ್ವಾ ಕಂಪ್ರೆಷನ್ ಸಿಗ್ತಿಲ್ವಾ ಅನ್ನೋದು ಗೊತ್ತಾಗ್ಲಿ, ಆಮೇಲೆ ದುಡ್ಡು ಬಿಚ್ಚು.

ಹೆಂಗೆ ಅಂದ್ರೆ, ಇಂಜಿನ್ ಬಿಸಿ ಮಾಡು, ಐಡಲಲ್ಲಿ ಬಿಡು. ಒಂದನೇ ನಾಝಲ್ (ಸಿಲಿಂಡರ್ ಒಳಗೆ ಡೀಸೆಲ್ ಸಿಂಪಡಿಸೋದು) ಪೈಪಿನ ನಟ್ ಅರ್ಧ ಸುತ್ತು ಸಡಿಲ ಮಾಡು, ಆ ಸಿಲಿಂಡರಿಗೆ ಡೀಸೆಲ್ ಕಟ್ ಆಗ್ತೈತೆ. ಇಂಜಿನ್ ಸದ್ದು ಬಿದ್ರೆ ಆ ಸಿಲಿಂಡರ್ ಕೆಲಸ ಮಾಡ್ತಿತ್ತು ಅಂತ. ಟೈಟ್ ಮಾಡು, ಎರಡನೇದಕ್ಕೆ ಹೋಗು. ಯಾವ್ದು ಸಡಿಲ ಮಾಡಿದ್ರೂ ಸದ್ದಲ್ಲಿ ಏನೂ ಬದಲಾವಣೆ ಇಲ್ವೋ ಅದೇ ಕೆಲಸ ಬಿಟ್ಟಿರೋದು. ಕಣ್ಣಿಗೆ ಕನ್ನಡಕ ಹಾಕ್ಕೊ, ನಟ್ ಸುತ್ತ ಬಟ್ಟೆ ಹಾಕು, ಬಿಸಿ ಮ್ಯಾನಿಫೋಲ್ಡ್, ಟರ್ಬೋ ಮೇಲೆ ಡೀಸೆಲ್ ಬೀಳದಂಗೆ ನೋಡ್ಕೊ. ಕೈ ಬೆರಳು ಮಾತ್ರ ಆ ಧಾರೆ ಮುಂದೆ ಇಡಬ್ಯಾಡ, ಆ ಪ್ರೆಶರಿಗೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗ್ತೈತೆ, ಹೊರಗೆ ಸಣ್ಣ ಚುಕ್ಕೆ ಅಷ್ಟೇ ಕಾಣ್ತೈತೆ, ಒಳಗೆ ಮಾಂಸ ಕೊಳೀತೈತೆ. ಹಂಗೇನಾದ್ರೂ ಆದ್ರೆ ನೋವು ಇಲ್ಲ ಅಂತ ಮನೇಲಿ ಕೂರಬಾರ್ದು, ತಕ್ಷಣ ದೊಡ್ಡಾಸ್ಪತ್ರೆಗೆ ಹೋಗಿ ಹೈ ಪ್ರೆಶರ್ ಡೀಸೆಲ್ ಹೊಕ್ಕೈತೆ ಅಂತಾನೇ ಹೇಳ್ಬೇಕು.

ಶಕ್ತಿನಗರ ರಾಯಚೂರು

ಮೇಸ್ತ್ರಿ ಹೇಳಿದ್ದು ಖರೇ ಅದ. ಅದರ ಸಂಗಡ ಇನ್ನೊಂದು ನೋಡ್ರಿ, ಏರ್ ಹಿಡಿಲಿಕತ್ತದ ಏನು ಅಂತ. ಟ್ಯಾಂಕಿನಿಂದ ಫೀಡ್ ಪಂಪಿನ (ಟ್ಯಾಂಕಿನ ಡೀಸೆಲ್ ಎಳದು ದೊಡ್ಡ ಪಂಪಿಗಿ ಕೊಡೋ ಸಣ್ಣ ಪಂಪು) ತನಕ ಇರೋ ಲೈನಿನಾಗ ಸಣ್ಣ ಸೀಳು ಇದ್ರೂ ಡೀಸೆಲ್ ಹೊರಗ ಸೋರಂಗಿಲ್ಲ, ಗಾಳಿನ ಒಳಗ ಎಳಕೊಂತದ, ಹಂಗಾಗಿ ಕಣ್ಣಿಗಿ ಬೀಳಂಗಿಲ್ಲ. ಫೀಡ್ ಪಂಪಿನ ಮುಂದ ಪಾರದರ್ಶಕ ಪೈಪ್ ಒಂದು ತುಂಡು ಹಾಕಿ ಓಡಿಸಿ ನೋಡ್ರಿ, ಗುಳ್ಳಿ ಕಂಡ್ರ ಅಲ್ಲೇ ಅದ. ಪೈಪ್ ಕೂಡಸೋ ತೂತಿನ ಬೋಲ್ಟ್, ಅಂದ್ರ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್ ಹಳೇವು ಇದ್ರ ಬದಲ ಮಾಡ್ರಿ, ಹಳೇವ್ನ ಮತ್ತ ಮತ್ತ ಬಿಗಿದ್ರ ಕೂಡಂಗಿಲ್ಲ. ಟ್ಯಾಂಕ್ ಮುಚ್ಚಳ ತೆಗದಾಗ ಸುಂಯ್ ಅಂತ ಸಪ್ಪಳ ಬಂದ್ರ ಮುಚ್ಚಳದ ಗಾಳಿ ತೂತು ಮುಚ್ಚ್ಯಾದ ಅಂತ ತಿಳ್ಕೋರಿ, ಏರಿನಾಗ ಎಳೀದೇ ಇರ್ಲಿಕ್ಕೆ ಅದೂ ಒಂದು ಕಾರಣ ಇರ್ತದ.

ಸಿಂಧನೂರು ಟ್ರಾಕ್ಟರ್

ನನಗನ್ಸೋದು ಇದು ಈಗಿನ ಡೀಸೆಲ್ ಕೆಲಸ. ಬಿಎಸ್6 ಡೀಸೆಲ್ ಬಂದ ಮ್ಯಾಲ ಹಳೇ ಪಂಪ್ ಎಲ್ಲಾ ಹೋಗ್ಲಿಕತ್ಯಾವ. ಗಂಧಕ ತೆಗದಾರ, ಅದಕ್ಕ ಪಂಪಿಗಿ ಜಿಡ್ಡು ಸಿಗಂಗಿಲ್ಲ. ನಾವು ಟ್ಯಾಂಕಿಗಿ ಟೂಟಿ (2T, ಟೂ ಸ್ಟ್ರೋಕ್ ಗಾಡಿದು) ಆಯಿಲ್ ಹಾಕ್ತೀವಿ. ಮತ್ತ ಮುಂಜಾನಿ ಸ್ಟಾರ್ಟ್ ತ್ರಾಸ ಆದ್ರ ಏರ್ ಕ್ಲೀನರಿಗಿ ಈಥರ್ ಸ್ಪ್ರೇ ಹೊಡೀರಿ.

ಪಂಪ್ ಮೇಸ್ತ್ರಿ ಬಳ್ಳಾರಿ

ಈಥರ್ ಬ್ಯಾಡ್ರಿ, ದಯವಿಟ್ಟು ಯಾರೂ ಹೊಡಿಬ್ಯಾಡ್ರಿ. ಡೀಸೆಲ್ ಇಂಜಿನ್ನಲ್ಲಿ ಈಥರ್ ಹೊತ್ತಿಕೊಳ್ಳೋ ಟೈಮು ಯಾರ ಕೈಯಲ್ಲೂ ಇಲ್ಲ, ಪಿಸ್ಟನ್ ಮೇಲೆ ಬರೋಕಿಂತ ಮೊದ್ಲೇ ಸಿಡಿದ್ರೆ ರಿಂಗ್ ಮುರೀತೈತೆ, ಪಿಸ್ಟನ್ ಒಡೀತೈತೆ. ಅದರ ಮೇಲೆ ಕಾಯಿಲೆ ಏನು ಅಂತಾನೂ ಗೊತ್ತಾಗಲ್ಲ.

ಡೀಸೆಲ್ ವಿಷಯ. ಗಂಧಕ 2020ರ ಏಪ್ರಿಲ್ 1ರಿಂದ ದೇಶದ ಎಲ್ಲಾ ಕಡೆ 10 ಪಿಪಿಎಂಗೆ ಇಳಿದಿದ್ದು ನಿಜ, ಅದಕ್ಕಿಂತ ಮೊದ್ಲು ಬಿಎಸ್4ರಲ್ಲಿ 50 ಇತ್ತು. ಆದ್ರೆ ಜಾರೋ ಗುಣಕ್ಕೂ ಒಂದು ಅಳತೆ ಐತೆ, ಪರೀಕ್ಷೆಯಲ್ಲಿ ಸವೆತದ ಗುರುತು 460 ಮೈಕ್ರಾನ್ ದಾಟಬಾರ್ದು ಅಂತ ಸ್ಟ್ಯಾಂಡರ್ಡ್‌ನಲ್ಲೇ ಐತೆ, ಅದಕ್ಕೆ ಬೇಕಾದ್ದನ್ನ ರಿಫೈನರಿಯಲ್ಲೇ ಸೇರಿಸ್ತಾರೆ. ಹಳೇ ಪಂಪಲ್ಲಿ ನಾವು ನೋಡೋದು ಬೇರೆ, ವರ್ಷಗಟ್ಟಲೆ ಗಟ್ಟಿಯಾಗಿರೋ ರಬ್ಬರ್ ಸೀಲು ಸೋರೋಕೆ ಶುರು ಆಗೋದು. ಅದಕ್ಕೆ ಸೀಲ್ ಹಾಕ್ಬೇಕು, ಟೂಟಿ ಆಯಿಲ್ ಅಲ್ಲ. ಪಂಪ್ ತಿನ್ನೋ ದೊಡ್ಡ ಶತ್ರು ನೀರು ರೀ. ನಾನು ಬಿಚ್ಚಿದ ಪಂಪಲ್ಲಿ ಜಾಸ್ತಿ ಕಂಡಿದ್ದು ತುಕ್ಕೇ.

ಕೆಂಪುಧೂಳು ಸಂಡೂರು

ನೀರಿನ ಮಾತು ಬಂತಲ್ಲ, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳೆಲ್ಲ ರಸ್ತೆ ಪಕ್ಕ, ಹೊಲದಲ್ಲಿ ನಿಂತುಬಿಟ್ವು ನೋಡ್ರಿ, ಆವಾಗ ಅರ್ಧ ಟ್ಯಾಂಕ್ ಡೀಸೆಲ್ ಬಿಟ್ಟು ನಿಲ್ಸಿದ ಗಾಡಿಗಳ ಟ್ಯಾಂಕ್ ಒಳಗೆ ಬೆವರಿ ತುಕ್ಕು ಹಿಡಿದು, ಮತ್ತೆ ಶುರು ಮಾಡಿದಾಗ ಫಿಲ್ಟರ್ ಮೇಲೆ ಫಿಲ್ಟರ್ ಹೋದ್ವು. ಎಷ್ಟೋ ಜನ ಫೈನಾನ್ಸ್ ಕಟ್ಟೋಕಾಗ್ದೇ ಗಾಡಿ ಬಿಟ್ಟುಕೊಟ್ರು, ಆ ಗಾಡಿಗಳು ಈಗ ಎಲ್ಲೆಲ್ಲಿ ಯಾರ್ಯಾರ ಹತ್ರ ಅದಾವೋ. ನಿಂತ ಗಾಡಿ ತಗೊಂಡೋರು ಟ್ಯಾಂಕ್ ಇಳಿಸಿ ತೊಳೀದೇ ಓಡಿಸಬ್ಯಾಡ್ರಿ.

ಕಾರಟಗಿ ಲಾರಿ

ಮೇಸ್ತ್ರಿ ಅಣ್ಣಾರ, ಹೇಳಿದಂಗ ಮಾಡಿದೆ. ರೇಡಿಯೇಟರ್ ನೀರು ಕಮ್ಮಿ ಆಗಂಗಿಲ್ಲ, ಆಯಿಲ್ ಲೆವೆಲ್ ಸರಿ ಐತಿ, ಡೀಸೆಲ್ ವಾಸನಿ ಇಲ್ಲ. ಪಾರದರ್ಶಕ ಪೈಪ್ ಹಾಕಿ ನೋಡೀನಿ, ಶುರುವಿನ್ಯಾಗ ಒಂದಿಷ್ಟು ಗುಳ್ಳಿ ಬಂದ್ವು, ಫೀಡ್ ಪಂಪಿನ ಬ್ಯಾಂಜೋ ವಾಷರ್ ಬದಲ ಮಾಡಿದ ಮ್ಯಾಲ ಬಂದ್ ಆದ್ವು. ಸ್ಟಾರ್ಟಿಂಗ್ ಸ್ವಲ್ಪ ಸುಧಾರಿಸೈತಿ ಖರೇ, ಆದ್ರ ಮಿಸ್ ಹಂಗ ಐತಿ.

ಪೈಪ್ ಸಡಿಲ ಮಾಡಿದಾಗ 1, 2, 3, 5, 6 ಎಲ್ಲಾದಕ್ಕೂ ಇಂಜಿನ್ ಸದ್ದು ಬಿತ್ತು. 4ನೇದಕ್ಕ ಏನೂ ಆಗಲಿಲ್ಲ. ಅದರ ಪೈಪಿನಾಗಿಂದ ಬರೋ ಡೀಸೆಲ್ಲೂ ಉಳಿದವಕ್ಕಿಂತ ಜೋರ್ ಇಲ್ಲದಂಗ ಕಾಣಸ್ತು, ಅದು ನನ್ನ ಭ್ರಮೆನೋ ಏನೋ.

ಶಕ್ತಿನಗರ ರಾಯಚೂರು

4ನೇ ಸಿಲಿಂಡರ್ ವಾಲ್ವ್ ಕೂಡ್ಲಿಕತ್ತಿಲ್ಲ ಅನಸ್ತದ. ಟ್ಯಾಪೆಟ್ (ವಾಲ್ವ್ ಮ್ಯಾಲಿನ ಸಂದು) ಟೈಟ್ ಆಗಿದ್ರ ವಾಲ್ವ್ ಪೂರ್ತಿ ಮುಚ್ಚಂಗಿಲ್ಲ, ಕಂಪ್ರೆಷನ್ ಸೋರ್ತದ, ತಣ್ಣಗ ಇದ್ದಾಗ ಡೀಸೆಲ್ ಹೊತ್ತಂಗಿಲ್ಲ. ಟ್ಯಾಪೆಟ್ ನೋಡಸ್ರಿ ಮೊದಲ. ನಮ್ಮದು ಕಮಿನ್ಸ್ 6ಬಿಟಿ, ಅದಕ್ಕ ತಣ್ಣಗಿದ್ದಾಗ ಇನ್‌ಲೆಟ್ 0.25, ಎಕ್ಸಾಸ್ಟ್ 0.51 ಮಿಲಿಮೀಟರ್. ನಿಮ್ಮ 697ಕ್ಕ ಅಳತಿ ಬೇರೆ ಅದ, ನಮ್ಮದು ಹಾಕಬ್ಯಾಡ್ರಿ, ನಿಮ್ಮ ಇಂಜಿನ್ ಪುಸ್ತಕದಾಗ ನೋಡಿ ಹಾಕ್ರಿ.

ಪಂಪ್ ಮೇಸ್ತ್ರಿ ಬಳ್ಳಾರಿ

ರಾಯಚೂರಣ್ಣ ಹೇಳೋದು ಸರಿಯಾದ ದಾರೀಲೇ ಐತೆ, ವಾಲ್ವೂ ಆಗಿರಬಹುದು. ಆದ್ರೆ ಸುಲಭದ್ದು ಮೊದ್ಲು ಮಾಡೋಣ. ಇಂಜಿನ್ ಆಫ್ ಮಾಡಿ 4ನೇ ನಾಝಲ್ ಬಿಚ್ಚಿ 2ಕ್ಕೆ ಹಾಕು, 2ನೇದನ್ನ 4ಕ್ಕೆ ಹಾಕು. ಕೆಳಗಿನ ತಾಮ್ರದ ವಾಷರ್ ಎರಡಕ್ಕೂ ಹೊಸದು, ಹಳೇದು ಒಳಗೇ ಅಂಟಿಕೊಂಡಿರ್ತೈತೆ, ಅದರ ಮೇಲೆ ಹೊಸದು ಹಾಕಬ್ಯಾಡ. ಕೂರೋ ಜಾಗದ ಕರಿ ಮಸಿ ಕೆರೆದು ತೆಗಿ, ಒಳಗೆ ಬೀಳದಂಗೆ ನೋಡ್ಕೊ. ಮಿಸ್ಸು 2ಕ್ಕೆ ಹೋದ್ರೆ ನಾಝಲ್ ಕೆಟ್ಟೈತೆ ಅಂತ, ಪಂಪ್ ಅಂಗಡೀಲಿ ಒಂದೇ ನಾಝಲ್ ಟೆಸ್ಟ್ ಮಾಡಿಸಿದ್ರೆ ಮುಗೀತು, ಎಷ್ಟು ಪ್ರೆಶರಿಗೆ ಬಿಚ್ತೈತೆ, ಧೂಳಿನಂಗೆ ಹೊಡೀತೈತಾ ತೊಟ್ಟಿಕ್ತೈತಾ ಕಣ್ಣಲ್ಲೇ ಕಾಣ್ತೈತೆ. ಮಿಸ್ಸು 4ರಲ್ಲೇ ಉಳಿದ್ರೆ ನಾಝಲ್ ಮೇಲಿನ ಅನುಮಾನ ಬಿಡು.

ನಾಝಲ್ ಬಿಚ್ಚಿದಾಗಲೇ ಕಂಪ್ರೆಷನ್ ಚೆಕ್ ಮಾಡಿಸಿಬಿಡು, ಕೆಲಸ ಒಂದೇ ಸಲಕ್ಕೆ ಆಗ್ತೈತೆ. ಡೀಸೆಲ್ ಗೇಜೇ ಬೇಕು, ಪೆಟ್ರೋಲ್ ಗಾಡಿ ಗೇಜ್ ತಡ್ಕೊಳ್ಳಲ್ಲ. ಆರೂ ನಾಝಲ್ ಬಿಚ್ಚಿ ಬ್ಯಾಟ್ರಿ ಫುಲ್ ಇಟ್ಟು ಒಂದೊಂದಾಗಿ ಅಳಿಬೇಕು, ಇಂಜಿನ್ ನಿಲ್ಲಿಸೋ ಸ್ಟಾಪ್ ಲಿವರ್ ಎಳೆದಿರ್ಬೇಕು. ಆರೂ ಒಂದಕ್ಕೊಂದು ಹತ್ರ ಐತಾ ಅದನ್ನ ನೋಡು. ಒಂದೇ ಬಿದ್ದಿದ್ರೆ ಆ ತೂತಿಂದ ಸ್ವಲ್ಪ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೀರಿ, ಏರಿದ್ರೆ ರಿಂಗು, ಏರದಿದ್ರೆ ವಾಲ್ವು.

ಕುಷ್ಟಗಿ 50

ನಾನೂ ಇದ ಓದಾಕತ್ತೀನಿ, ನಮ್ದೂ ಹಿಂಗ ಐತಿ. ಒಂದ ಮಾತು, ಪೈಪ್ ನಂಬರ್ ಹೆಂಗ ಎಣಸೂದ್ರಿ? ಫೈರಿಂಗ್ ಆರ್ಡರ್ 1-5-3-6-2-4 ಅಂತಾರ, ಪಂಪಿನ್ಯಾಗೂ ಹಂಗ ಇರತೈತೇನು?

ಪಂಪ್ ಮೇಸ್ತ್ರಿ ಬಳ್ಳಾರಿ

ಸಿಲಿಂಡರ್ ನಂಬರ್ ರೇಡಿಯೇಟರ್ ಕಡೆಯಿಂದ ಒಂದು ಎರಡು ಅಂತ ಸಾಲಾಗಿ. ಇನ್‌ಲೈನ್ ಪಂಪಲ್ಲೂ ಡ್ರೈವ್ ಕಡೆಯಿಂದ ಸಾಲಾಗಿ, ಒಂದನೇ ಬಾಯಿ ಒಂದನೇ ಸಿಲಿಂಡರಿಗೆ, ಆರನೇದು ಆರನೇದಕ್ಕೆ. ಹೊಡಿಯೋ ಸರದಿ 1-5-3-6-2-4, ಅದನ್ನ ಪಂಪ್ ಒಳಗಿನ ಕ್ಯಾಮ್ ನೋಡ್ಕೊಂತೈತೆ. ಪೈಪ್ ಬಾಗು ಒಂದೊಂದಕ್ಕೆ ಒಂದೊಂದು ಥರ, ಬಿಚ್ಚಿದಂಗೇ ನಂಬರ್ ಚೀಟಿ ಕಟ್ಟು. ಬಾಯಿಗೆ ಪ್ಲಾಸ್ಟಿಕ್ ಕವರ್ ಹಾಕು, ನಮ್ಮೂರ ಧೂಳಿಗೆ ತೆರೆದ ಪೈಪ್ ಒಂದು ಗಂಟೆ ಇಟ್ರೂ ಹೊಸ ನಾಝಲ್ ಹಾಳಾಗ್ತೈತೆ.

ಕಾರಟಗಿ ಲಾರಿ

ಅಣ್ಣಾರ, ನಾಝಲ್ ಅದಲಬದಲ ಮಾಡಿದ್ವಿ, ಮಿಸ್ಸು 4ರಾಗ ಉಳೀತು. ಗಂಗಾವತಿಯಾಗ ಒಬ್ರ ಹತ್ರ ಡೀಸೆಲ್ ಗೇಜ್ ಇತ್ತು, ಆರೂ ಅಳಿಸಿದ್ವಿ, 4ನೇದು ಉಳಿದವುಗಳ ಸಮಾನ ಐತಿ, ಏನೂ ಬಿದ್ದಿಲ್ಲ. ಟ್ಯಾಪೆಟ್ ಸೆಟ್ಟಿಂಗ್ ಪುಸ್ತಕದ ಪ್ರಕಾರ ಮಾಡಿಸಿದೆ, ಸದ್ದು ಚಲೋ ಆತು, ಮಿಸ್ ಹೋಗಲಿಲ್ಲ. ಇಂಜಿನ್ ಇಳಸ್ರಿ ಅಂದವರ ಮಾತು ಕೇಳಿದ್ರ ಈಗ ನಾನು ಚಲೋ ಪಿಸ್ಟನ್ ಲೈನರ್ ತೆಗದು ಒಗದಿರತಿದ್ದೆ, ಅದನ್ನ ನೆನಸಿಕೊಂಡ್ರ ಎದಿ ಝಲ್ ಅಂತೈತಿ. ಮುಂದೇನು?

ಪಂಪ್ ಮೇಸ್ತ್ರಿ ಬಳ್ಳಾರಿ

ಹಂಗಾದ್ರೆ ಪಂಪಿನ 4ನೇ ಲೈನು. ನೀನು ಮೊದ್ಲೇ ಹೇಳಿದ್ದೆ ಡೀಸೆಲ್ ಜೋರಾಗಿ ಬರ್ತಿಲ್ಲ ಅಂತ, ಅದು ಭ್ರಮೆ ಅಲ್ಲ. ಐಡಲಲ್ಲಿ ಮಿಸ್ಸು, ರೇಸ್ ಕೊಟ್ರೆ ಸರಿ, ಇದನ್ನ ನೋಡಿದ್ರೆ ನನಗೆ ಡೆಲಿವರಿ ವಾಲ್ವ್ ಮೇಲೆ ಅನುಮಾನ.

ಅದೇನು ಅಂದ್ರೆ, ಪಂಪಿನ ಮೇಲೆ ಪೈಪ್ ಕೂರೋ ಜಾಗದ ಕೆಳಗೆ ಒಂದೊಂದು ಲೈನಿಗೂ ಒಂದೊಂದು ಸಣ್ಣ ವಾಲ್ವ್ ಐತೆ, ಮೇಲೆ ಸ್ಪ್ರಿಂಗು. ಬಾವಿ ಮೋಟ್ರಿಗೆ ಫುಟ್‌ವಾಲ್ವ್ ಇದ್ದಂಗೆ ಅನ್ಕೊ, ಏರಿದ್ದನ್ನ ಪೂರ್ತಿ ವಾಪಸ್ ಇಳೀದಂಗೆ ಹಿಡಿಯೋದು. ಆದ್ರೆ ಇದಕ್ಕೆ ಇನ್ನೊಂದು ಕೆಲಸಾನೂ ಐತೆ. ಎಲಿಮೆಂಟ್ ಡೀಸೆಲ್ ದೂಡೋದು ನಿಲ್ಸಿದ ತಕ್ಷಣ ಈ ವಾಲ್ವ್ ಕೆಳಗೆ ಕೂರ್ತಾ ಪೈಪಿನ ಪ್ರೆಶರನ್ನ ಅಳತೆ ಮಾಡಿದಂಗೆ ಒಂದಿಷ್ಟು ಇಳಿಸ್ತೈತೆ, ಆಗ ನಾಝಲ್ ಟಪ್ ಅಂತ ಮುಚ್ಚಿಕೊಂತೈತೆ, ತೊಟ್ಟಿಕ್ಕಲ್ಲ. ಉಳಿದ ಪ್ರೆಶರ್ ಪೈಪಲ್ಲೇ ನಿಂತಿರ್ತೈತೆ, ಮುಂದಿನ ಸಲಕ್ಕೆ ತಯಾರು. ವಾಲ್ವಿನ ಕೂರೋ ಜಾಗ ತಿಂದು ಹೋಗಿದ್ರೆ, ಇಲ್ಲ ಕಸ ಸಿಕ್ಕಿದ್ರೆ, ಇಲ್ಲ ಸ್ಪ್ರಿಂಗ್ ಮುರಿದಿದ್ರೆ, ಪೈಪಿನ ಡೀಸೆಲ್ ವಾಪಸ್ ಇಳಿದುಬಿಡ್ತೈತೆ. ಮುಂದಿನ ಸಲ ಎಲಿಮೆಂಟ್ ಮೊದ್ಲು ಖಾಲಿ ಜಾಗ ತುಂಬಬೇಕು, ಆಮೇಲೆ ನಾಝಲ್ ಬಿಚ್ಬೇಕು. ಐಡಲಲ್ಲಿ ದೂಡೋ ಡೀಸೆಲ್ಲೇ ಚೂರು, ಅದು ತುಂಬೋದಕ್ಕೇ ಹೋಗ್ತೈತೆ, ಉಳಿದಿದ್ದು ತಡವಾಗಿ, ಸರಿಯಾಗಿ ಒಡೀದೆ ಬೀಳ್ತೈತೆ, ಸುಡದೇ ಬಿಳಿ ಹೊಗೆ. ರೇಸಲ್ಲಿ ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಡುವೆ ಸೋರೋಕೆ ಟೈಮ್ ಸಿಗಲ್ಲ, ದೂಡೋದೂ ಜಾಸ್ತಿ, ಅದಕ್ಕೇ ಗೊತ್ತಾಗಲ್ಲ.

ಪರೀಕ್ಷೆ ಸುಲಭ ಐತೆ. ಇಂಜಿನ್ ಆಫ್. ಪಂಪ್ ಮೇಲೆ ಚೆನ್ನಾಗಿ ತೊಳ್ದು ಒರೆಸು. ಆರೂ ಪೈಪು ಪಂಪ್ ಕಡೆ ಬಿಚ್ಚು. ಸ್ಟಾಪ್ ಲಿವರ್ ಪೂರ್ತಿ ಸ್ಟಾಪ್ ಕಡೆ ಎಳೆದು ಕಟ್ಟು. ಬಾಯಿಗಳಲ್ಲಿ ನಿಂತಿರೋ ಡೀಸೆಲ್ ಒರೆಸಿ ಫೀಡ್ ಪಂಪಿನ ಹ್ಯಾಂಡ್ ಪ್ರೈಮರ್ ಒತ್ತು. ವಾಲ್ವ್ ಸರಿ ಕೂತಿದ್ರೆ ಬಾಯಿ ಒಣಗೇ ಇರ್ತೈತೆ. ಯಾವ ಬಾಯಲ್ಲಿ ಡೀಸೆಲ್ ಉಕ್ಕಿ ಬರ್ತೈತೋ ಆ ವಾಲ್ವ್ ಕೂರ್ತಿಲ್ಲ. ಇಷ್ಟೇ ನೋಡು, ಮುಂದಕ್ಕೆ ಅದನ್ನ ಅಲ್ಲೇ ಬಿಚ್ಚೋಕೆ ಹೋಗಬ್ಯಾಡ.

ಸಿಂಧನೂರು ಟ್ರಾಕ್ಟರ್

ಅಲ್ಲೇ ಯಾಕ ಬಿಚ್ಚಬಾರ್ದ್ರಿ? ಮೇಲಿನ ಹೋಲ್ಡರ್ ಒಂದು ತಿರುವಿದ್ರ ವಾಲ್ವ್ ಕೈಗಿ ಬರ್ತದ. ನಮ್ ಕಡಿ ಹೊಲದಾಗ ಹಂಗೇ ಮಾಡ್ತಾರ.

ಪಂಪ್ ಮೇಸ್ತ್ರಿ ಬಳ್ಳಾರಿ

ಕೈಗೆ ಬರ್ತೈತೆ ರೀ, ವಾಪಸ್ ಕೂರಿಸೋದ್ರಲ್ಲಿ ಕಷ್ಟ. ಆ ಹೋಲ್ಡರನ್ನ ಅಳತೆಗಿಂತ ಜಾಸ್ತಿ ಬಿಗಿದ್ರೆ ಕೆಳಗಿರೋ ಬ್ಯಾರಲ್ ಚೂರು ವಕ್ರ ಆಗ್ತೈತೆ, ಎಲಿಮೆಂಟ್ ಹಿಡ್ಕೊಂತೈತೆ, ಅದರ ಜೊತೆ ಡೀಸೆಲ್ ಹೆಚ್ಚು ಕಮ್ಮಿ ಮಾಡೋ ಸರಳು, ಅಂದ್ರೆ ರ‍್ಯಾಕೂ ಹಿಡ್ಕೊಂತೈತೆ. ರ‍್ಯಾಕ್ ಡೀಸೆಲ್ ಜಾಸ್ತಿ ಬಿಡೋ ಕಡೆ ಸಿಕ್ಕಾಕೊಂಡ್ರೆ ಇಂಜಿನ್ ಯಾರ ಮಾತೂ ಕೇಳಲ್ಲ, ರೇಸ್ ಏರ್ತಾನೇ ಹೋಗ್ತೈತೆ, ಸ್ಟಾಪೂ ಕೆಲಸ ಮಾಡಲ್ಲ. ಪಂಪ್ ಕೆಲಸ ಮಾಡಿದ ಮೇಲೆ ಮೊದಲ ಸ್ಟಾರ್ಟ್ ಹೊಡಿಯೋ ಮುಂಚೆ ರ‍್ಯಾಕ್ ಹಗುರಾಗಿ ಆಡ್ತೈತಾ ನೋಡ್ಲೇಬೇಕು, ಮತ್ತೆ ಏರ್ ಇನ್‌ಟೇಕ್ ಬಾಯಿ ಮುಚ್ಚೋಕೆ ದಪ್ಪ ಹಲಗೆ ಒಂದು ಕೈಗೆ ಸಿಗೋ ಹಂಗೆ ಇಟ್ಕೊಂಡಿರ್ಬೇಕು. ಬಟ್ಟೆ, ಕೈ ಅಡ್ಡ ಇಡೋ ಕೆಲಸ ಅಲ್ಲ ಅದು, ಟರ್ಬೋ ಎಳ್ಕೊಂಡು ಬಿಡ್ತೈತೆ. ಇಷ್ಟೆಲ್ಲಾ ಜೀವದ ಪ್ರಶ್ನೆ ಇರೋದಕ್ಕೇ ಪಂಪ್ ಓಡಿಸಿ ಅಳೆಯೋ ಟೆಸ್ಟ್ ಬೆಂಚ್ ಇರೋ ಅಂಗಡಿಗೆ ಹೋಗ್ರಿ ಅನ್ನೋದು.

ಕಾರಟಗಿ ಲಾರಿ

ಅಣ್ಣಾರ ನೀವು ಹೇಳಿದ್ದು ಹೇಳಿದಂಗ ಆತು! ಪ್ರೈಮರ್ ಒತ್ತಿದಾಗ ಐದು ಬಾಯಿ ಒಣಾ, 4ನೇದ್ರಾಗ ಡೀಸೆಲ್ ಉಕ್ಕಿ ಬಂತು. ಇಂಥಾದ್ದನ್ನ ಇಷ್ಟ ಸುಲಭ ನೋಡಬಹುದು ಅಂತ ಗೊತ್ತ ಇರಲಿಲ್ಲ. ಬಳ್ಳಾರಿಗೆ ಪಂಪ್ ತರ್ತೀನಿ. ಇಳಸೂವಾಗ ಏನ್ ನೋಡ್ಕೋಬೇಕು?

ಪಂಪ್ ಮೇಸ್ತ್ರಿ ಬಳ್ಳಾರಿ

ಒಂದನೇ ಸಿಲಿಂಡರ್ ಕಂಪ್ರೆಷನ್ ಮೇಲೆ ಬರೋ ಹಂಗೆ ತಿರುಗಿಸಿ ಟೈಮಿಂಗ್ ಗುರುತಿಗೆ ನಿಲ್ಲಿಸಿ. ಎರಡೂ ಟ್ಯಾಪೆಟ್ ಸಡಿಲ ಐತಾ ನೋಡಿದ್ರೆ ಕಂಪ್ರೆಷನ್ನೋ ಎಕ್ಸಾಸ್ಟೋ ಗೊತ್ತಾಗ್ತೈತೆ. ಡ್ರೈವ್ ಕಡೆ, ಪಂಪ್ ಕಡೆ ಎರಡಕ್ಕೂ ನಿಮ್ಮದೇ ಗೆರೆ ಹಾಕ್ಕೊಳ್ರಿ. ಆಮೇಲೆ ಇಂಜಿನ್ ತಿರುಗಿಸಬ್ಯಾಡ್ರಿ. ವಾಪಸ್ ಕೂರಿಸಿದಾಗ ಗೆರೆ ಸೇರಿಸಿ ಬಿಟ್ರೆ ಸಾಲದು, ಸ್ಪಿಲ್ ಟೈಮಿಂಗ್ (ಪಂಪ್ ಡೀಸೆಲ್ ದೂಡೋಕೆ ಶುರು ಮಾಡೋ ಕ್ಷಣ ನೋಡಿ ಹೊಂದಿಸೋದು) ಮಾಡಿಸ್ರಿ.

ಮತ್ತೆ ಅಂಗಡೀಲಿ ಆರೂ ಎಲಿಮೆಂಟ್ ಹಾಕ್ತೀವಿ ಅಂದ್ರೆ ಮೊದ್ಲು ಬೆಂಚ್ ಮೇಲೆ ಓಡಿಸಿ ತೋರಿಸ್ರಿ ಅಂತ ಕೇಳು. ಆರು ಗಾಜಿನ ಕೊಳವೇಲಿ ಡೀಸೆಲ್ ಎಷ್ಟೆಷ್ಟು ಬಿತ್ತು ಅಂತ ನಿನ್ನ ಕಣ್ಣಿಗೇ ಕಾಣ್ತೈತೆ. ಕೇಳೋದು ನಿನ್ನ ಹಕ್ಕು, ನಾಚ್ಕೋಬ್ಯಾಡ.

ಕಾರಟಗಿ ಲಾರಿ

ಪಂಪ್ ಕೆಲಸ ಮುಗೀತ್ರಿ. 4ನೇ ಡೆಲಿವರಿ ವಾಲ್ವ್ ಕೂರೂ ಜಾಗದಾಗ ತುಕ್ಕಿನ ಗುಳಿ ಇದ್ವು, ಬೆಳಕಿಗೆ ಹಿಡದ್ರ ಕಾಣತಿದ್ವು. ವಾಲ್ವ್ ಮತ್ತ ಅದರ ಸೀಟ್ ಜೋಡಿನ ಬದಲ ಮಾಡಿದ್ರು, ಸ್ಪ್ರಿಂಗು, ಎಲ್ಲಾ ಸೀಲು ಹೊಸದು. ಎಲಿಮೆಂಟ್ ಆರೂ ಚಲೋ ಅದಾವ, ಅವನ್ನ ಮುಟ್ಟಲಿಲ್ಲ. ಬೆಂಚ್ ಮ್ಯಾಲ ಹಚ್ಚಿ ಆರೂ ಸಮ ಮಾಡಿ ಕೊಟ್ರು. ಟೈಮಿಂಗ್ ಮಾಡಿ ಏರ್ ತೆಗದು ಸ್ಟಾರ್ಟ್ ಹೊಡದ್ವಿ, ಐಡಲ್‌ನಾಗ ಅಪ್ಪಾಜಿ ಇದ್ದಾಗ ಹೆಂಗ ನಿಲ್ಲತಿತ್ತು ಹಂಗ ನಿಂತೈತಿ. ಮುಂಜಾನೆ ಹೊಗಿ ಇಲ್ಲ. ಲೋಡ್ ಹಾಕ್ಕೊಂಡು ಹೋಗಿ ಬಂದೆ, ಏರಿನಾಗ ಗೇರ್ ಇಳಸೂದು ಕಮ್ಮಿ ಆಗೈತಿ.

ಟ್ಯಾಂಕ್ ಇಳಿಸಿ ನೋಡಿದ್ರ ತಳದಾಗ ನೀರು, ತುಕ್ಕಿನ ಕೆಸರು. ತೊಳಸಿ ಒಣಗಿಸಿ ಹಾಕೀನಿ. ಎಲ್ಲಾರಿಗೂ ಕೈ ಮುಗೀತೀನ್ರಿ, ವಿಶೇಷ ಮೇಸ್ತ್ರಿ ಅಣ್ಣಾರಿಗೆ.

ಕುಷ್ಟಗಿ 50

ಉಳದ ಐದು ಡೆಲಿವರಿ ವಾಲ್ವ್‌ನೂ ಬದಲ ಮಾಡಿಸಿಬಿಟ್ರ ಚಲೋ ಇರತಿತ್ತೇನ್ರಿ ಮೇಸ್ತ್ರಿ? ಒಂದ ಸಲಕ್ಕ ಆಗಿಬಿಡತಿತ್ತು.

ಪಂಪ್ ಮೇಸ್ತ್ರಿ ಬಳ್ಳಾರಿ

ಬೆಂಚ್ ಮೇಲೆ ಸರಿ ಇದ್ದದ್ದನ್ನ ಬದಲಾಯಿಸೋದು ಬ್ಯಾಡ. ಆದ್ರೆ ಬಿಚ್ಚಿ ನೋಡಿದ್ರೆ ಒಂದು ವಾಲ್ವನ್ನ ಇನ್ನೊಂದರ ಸೀಟಿಗೆ ಹಾಕಬಾರ್ದು, ಜೋಡಿ ಮಾಡಿ ಅರೆದಿರ್ತಾರೆ, ಅದಲುಬದಲು ಆದ್ರೆ ಸೋರ್ತಾವೆ. ಇನ್ನು ಕಾರಟಗಿ ತಮ್ಮಾ, ಒಂದೆರಡು ಲೋಡ್ ಆದ ಮೇಲೆ ಪೈಪಿನ ನಟ್ಟುಗಳ ಹತ್ರ ಹಸಿ ಐತಾ ನೋಡು. ಪೈಪಿನ ಕ್ಲಾಂಪ್ ಬಿಚ್ಚಿದ್ದು ವಾಪಸ್ ಹಾಕಿದ್ದೀಯಾ ನೋಡು, ಕ್ಲಾಂಪ್ ಇಲ್ದೇ ಓಡಿಸಿದ್ರೆ ಅದುರಿ ಅದುರಿ ಪೈಪ್ ಸೀಳ್ತೈತೆ. ವಾಟರ್ ಸೆಪರೇಟರ್ ಕೆಳಗಿನ ಸ್ಕ್ರೂ ವಾರಕ್ಕೊಂದು ಸಲ ಬಿಚ್ಚಿ ನೀರು ಬಿಡು, ಮಳೆಗಾಲದಲ್ಲಿ ದಿನಾ ಬಿಡು. ಗಾಡಿ ನಿಲ್ಲಿಸೋ ದಿನ ಟ್ಯಾಂಕ್ ಫುಲ್ ಮಾಡಿ ನಿಲ್ಲಿಸು.